ಪ್ಯಾಚ್ ಕೂರುತ್ತಿರಲಿಲ್ಲ: ಎಡಿಟರ್‌ನಲ್ಲಿ ಸಿಆರ್‌ಎಲ್‌ಎಫ್ ರಿಪೇರಿ

ಪೈಥಾನ್‌ನಲ್ಲಿ ಬರೆದ ಒಂದು ಸಣ್ಣ ಟೆಕ್ಸ್ಟ್ ಎಡಿಟರ್ ಅನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಪ್ಯಾಚ್ ಫೈಲ್ (ಯಾವ ಸಾಲು ಕಳೆಯಬೇಕು, ಯಾವುದನ್ನು ಕೂಡಿಸಬೇಕು ಅಂತ ಬರೆದ ಫೈಲ್) ತೆರೆದು, ಒಂದು ಹಂಕ್ (ಪ್ಯಾಚ್‌ನ ಒಂದು ತುಂಡು) ಮೇಲೆ ಕರ್ಸರ್ ಇಟ್ಟು ಕೀಲಿ ಒತ್ತಿದರೆ, ಆ ಬದಲಾವಣೆ ಮೂಲ ಫೈಲಿಗೆ ಹೋಗಿ ಕೂರಬೇಕು. ಲಿನಕ್ಸ್ ಕಡೆಯ ಕೋಡ್‌ನಲ್ಲಿ ಕೂರುತ್ತಿತ್ತು. ವಿಂಡೋಸ್‌ನಿಂದ ಬಂದ ಫೈಲ್‌ಗಳಲ್ಲಿ ಮಾತ್ರ 'ಹಂಕ್‌ನ ಪಠ್ಯ ಸಿಗಲಿಲ್ಲ' ಅನ್ನುವ ಒಂದೇ ಉತ್ತರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರಕ್ಕೆ ಅಕ್ಷರ ಒಂದೇ. ಅದೇ ಪ್ಯಾಚನ್ನು ಟರ್ಮಿನಲ್‌ನಲ್ಲಿ 'ಗಿಟ್ ಅಪ್ಲೈ'ಗೆ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಪ್ಯಾಚ್ ಹಾಕುವ ಕಮಾಂಡ್) ಕೊಟ್ಟರೆ ತಕರಾರಿಲ್ಲದೆ ಕೂರುತ್ತಿತ್ತು. ಅಂದರೆ ಪ್ಯಾಚ್ ಸರಿ ಇದೆ, ಫೈಲೂ ಸರಿ ಇದೆ. ನಡುವೆ ಎಡಿಟರ್ ಏನೋ ಮಾಡುತ್ತಿದೆ.

ಬೈಟ್ ಮಟ್ಟದಲ್ಲಿ ಏನಿತ್ತು

ಇಂಥ ಜಾಗದಲ್ಲಿ ಕಣ್ಣನ್ನು ನಂಬಿ ಪ್ರಯೋಜನವಿಲ್ಲ, ಬೈಟ್ ನೋಡಬೇಕು. ಅದಕ್ಕೆ 'ಓಡಿ' ಕಮಾಂಡ್ ಸಾಕು. ಸಾಲಿನ ಕೊನೆಯಲ್ಲಿ ಬರೀ 10 ಇದ್ದರೆ ಅದು ಎಲ್‌ಎಫ್, ಯುನಿಕ್ಸ್ ರೀತಿ. 13 ಮತ್ತು 10 ಜೊತೆಯಾಗಿ ಬಂದರೆ ಸಿಆರ್‌ಎಲ್‌ಎಫ್, ಡಾಸ್ ಮತ್ತು ವಿಂಡೋಸ್ ರೀತಿ. ಇದು ಟೆಲಿಟೈಪ್ ಯಂತ್ರಗಳ ಕಾಲದ ಉಳಿಕೆ. ಅಚ್ಚಿನ ತಲೆಯನ್ನು ಸಾಲಿನ ಶುರುವಿಗೆ ಒಯ್ಯಲು ಒಂದು ಸಂಕೇತ (ಸಿಆರ್, ಕ್ಯಾರೇಜ್ ರಿಟರ್ನ್), ಕಾಗದವನ್ನು ಒಂದು ಸಾಲು ಮೇಲೆ ತಳ್ಳಲು ಇನ್ನೊಂದು (ಎಲ್‌ಎಫ್, ಲೈನ್ ಫೀಡ್). ಯುನಿಕ್ಸ್ ಎರಡನೆಯದನ್ನು ಮಾತ್ರ ಇಟ್ಟುಕೊಂಡಿತು. ಡಾಸ್ ಎರಡನ್ನೂ ಇಟ್ಟುಕೊಂಡಿತು. ವಿಂಡೋಸ್‌ನ ನೋಟ್‌ಪ್ಯಾಡ್ ಬರೀ ಎಲ್‌ಎಫ್ ಇರುವ ಫೈಲನ್ನು ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ. ಅಲ್ಲಿಯವರೆಗೆ ಇಡೀ ಫೈಲ್ ಒಂದೇ ಉದ್ದ ಸಾಲಾಗಿ ಕಾಣುತ್ತಿತ್ತು.

ಮೂಲ ಫೈಲ್‌ನಲ್ಲಿ ಎಲ್ಲ ಸಾಲುಗಳ ಕೊನೆಯಲ್ಲೂ 13, 10 ಇತ್ತು. ಪ್ಯಾಚ್ ಮಾತ್ರ ಹೀಗಿತ್ತು:

--- ಹಳತು/ಸೆಟ್ಟಿಂಗ್ [ಎಲ್‌ಎಫ್]
+++ ಹೊಸತು/ಸೆಟ್ಟಿಂಗ್ [ಎಲ್‌ಎಫ್]
@@ -1,3 +1,3 @@ [ಎಲ್‌ಎಫ್]
 ಅಗಲ = 80 [ಸಿಆರ್ ಎಲ್‌ಎಫ್]
-ಬಣ್ಣ = ನೀಲಿ [ಸಿಆರ್ ಎಲ್‌ಎಫ್]
+ಬಣ್ಣ = ಹಸಿರು [ಸಿಆರ್ ಎಲ್‌ಎಫ್]
 ಅಕ್ಷರ = 12 [ಸಿಆರ್ ಎಲ್‌ಎಫ್]

ಮೊದಲ ಮೂರು, ಅಂದರೆ ತಲೆಯ ಸಾಲುಗಳದ್ದು ಒಂದು ರೀತಿ, ಒಳಗಿನವುಗಳದ್ದು ಇನ್ನೊಂದು. ಇದು ಕೆಟ್ಟ ಪ್ಯಾಚ್ ಅಲ್ಲ. ಸಿಆರ್‌ಎಲ್‌ಎಫ್ ಫೈಲಿಗೆ ಡಿಫ್ (ಎರಡು ಫೈಲ್ ಹೋಲಿಸಿ ಪ್ಯಾಚ್ ಬರೆಯುವ ಟೂಲ್) ಓಡಿಸಿದರೆ ಬರುವುದೇ ಹೀಗೆ. ತಲೆಯ ಸಾಲುಗಳನ್ನು ಡಿಫ್ ತಾನೇ ಬರೆಯುತ್ತದೆ, ಎಲ್‌ಎಫ್ ಹಾಕಿ ಮುಗಿಸುತ್ತದೆ. ಒಳಗಿನ ಸಾಲುಗಳನ್ನು ಫೈಲಿನಿಂದ ಇದ್ದ ಹಾಗೇ ಎತ್ತಿ ಇಡುತ್ತದೆ. ಅದರ ಲೆಕ್ಕದಲ್ಲಿ ಸಿಆರ್ ಅನ್ನುವುದು ಸಾಲಿನ ಕೊನೆಯ ಅಕ್ಷರ, ಅಷ್ಟೇ.

ಈಗ ಎಡಿಟರ್ ಫೈಲ್ ತೆರೆಯುವ ರೀತಿ ನೋಡೋಣ. ಎಲ್ಲ ಸಾಲುಗಳೂ ಸಿಆರ್‌ಎಲ್‌ಎಫ್ ಆಗಿದ್ದರೆ ಸಿಆರ್‌ಗಳನ್ನು ತೆಗೆದು, 'ಇದು ಡಾಸ್ ಫೈಲ್' ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡು, ಬಫರ್‌ನಲ್ಲಿ (ಮೆಮೊರಿಯಲ್ಲಿನ ಪ್ರತಿಯಲ್ಲಿ) ಬರೀ ಎಲ್‌ಎಫ್ ಇಡುತ್ತದೆ. ಸೇವ್ ಮಾಡುವಾಗ ವಾಪಸ್ ಸೇರಿಸುತ್ತದೆ. ಒಂದೇ ಒಂದು ಸಾಲು ಬರೀ ಎಲ್‌ಎಫ್ ಇದ್ದರೂ ಸಾಕು, ಸಿಆರ್‌ಗಳನ್ನು ಪಠ್ಯದ ಭಾಗವೆಂದು ಬಿಟ್ಟುಬಿಡುತ್ತದೆ. ವಿಮ್, ಇಮ್ಯಾಕ್ಸ್‌ಗಳಲ್ಲೂ ಹೆಚ್ಚುಕಮ್ಮಿ ಇದೇ ನಿಯಮ. ಒಳ್ಳೆಯ ನಿಯಮವೇ, ಮಿಶ್ರ ಫೈಲ್‌ಗಳು ಹಾಳಾಗುವುದಿಲ್ಲ.

ಆದರೆ ಇಲ್ಲಿ ಏನಾಯಿತು? ಮೂಲ ಫೈಲ್ ಪೂರ್ತಿ ಸಿಆರ್‌ಎಲ್‌ಎಫ್, ಹಾಗಾಗಿ ಬಫರ್‌ನಲ್ಲಿ ಸಿಆರ್ ಇಲ್ಲ. ಪ್ಯಾಚ್ ಮಿಶ್ರ, ಹಾಗಾಗಿ ಅದರ ಬಫರ್‌ನಲ್ಲಿ ಸಿಆರ್ ಇದೆ. ಡಿಸ್ಕ್ ಮೇಲೆ ಒಂದೇ ಆಗಿದ್ದ ಸಾಲುಗಳು ಮೆಮೊರಿಗೆ ಬಂದ ಮೇಲೆ ಬೇರೆಬೇರೆಯಾದವು. ಗಿಟ್ ಬೈಟ್‌ಗೆ ಬೈಟ್ ಹೋಲಿಸುತ್ತದೆ, ಅದಕ್ಕೆ ಈ ತೊಂದರೆಯೇ ಇಲ್ಲ.

ಎಲ್ಲ ಸಿಆರ್ ಕಿತ್ತು ಹಾಕಿದರೆ?

ಪ್ಯಾಚ್ ಓದುವಾಗಲೇ ಸಿಆರ್‌ಗಳನ್ನೆಲ್ಲ ತೆಗೆದುಬಿಡುವುದು ಒಂದೇ ಸಾಲಿನ ಕೋಡ್. ಮೇಲಿನ ಉದಾಹರಣೆಗೆ ಅದು ಸಾಕು ಕೂಡ. ನಾನು ಆ ದಾರಿ ಹಿಡಿಯಲಿಲ್ಲ.

ಕಾರಣ, ಕೆಲವು ಪ್ಯಾಚ್‌ಗಳ ಉದ್ದೇಶವೇ ಸಾಲಿನ ಕೊನೆ ಬದಲಿಸುವುದು. ಒಂದು ಶೆಲ್ ಸ್ಕ್ರಿಪ್ಟ್‌ನ ಮೊದಲ ಸಾಲಿಗೆ ಸಿಆರ್ ಅಂಟಿಕೊಂಡಿದೆ ಅಂತಿಟ್ಟುಕೊಳ್ಳಿ. ಲಿನಕ್ಸ್ ಆ ಸಿಆರ್ ಸೇರಿಸಿಕೊಂಡೇ ಅದೇ ಸಾಲಿನಲ್ಲಿರುವ ಇಂಟರ್‌ಪ್ರಿಟರ್‌ನ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂನ) ಹೆಸರು ಓದುತ್ತದೆ. ಅಂಥ ಪ್ರೋಗ್ರಾಂ ಇಲ್ಲ ಅನ್ನುತ್ತದೆ. ಅದನ್ನು ಸರಿಮಾಡುವ ಪ್ಯಾಚ್‌ನಲ್ಲಿ ಕಳೆಯುವ ಸಾಲು, ಕೂಡಿಸುವ ಸಾಲು ಎರಡೂ ನೋಡಲು ಒಂದೇ. ವ್ಯತ್ಯಾಸ ಒಂದು ಸಿಆರ್ ಮಾತ್ರ. ಸಿಆರ್ ಕಿತ್ತರೆ ಆ ಪ್ಯಾಚ್ 'ಯಶಸ್ವಿಯಾಗಿ' ಕೂರುತ್ತದೆ, ಫೈಲ್ ಮಾತ್ರ ಇದ್ದ ಹಾಗೇ ಇರುತ್ತದೆ. ಸೋತೆ ಅಂತ ಹೇಳುವ ಟೂಲ್‌ಗಿಂತ, ಏನೂ ಮಾಡದೆ ಗೆದ್ದೆ ಅನ್ನುವ ಟೂಲ್ ಜಾಸ್ತಿ ಅಪಾಯ.

ಇದರ ಉಲ್ಟಾ ಕೂಡ ಇದೆ. ಹಲವರು ಸೂಚಿಸುವ ದಾರಿ ಎಂದರೆ ಮೂಲ ಫೈಲನ್ನೇ ಎಲ್‌ಎಫ್‌ಗೆ ತಿರುಗಿಸಿ ಪ್ಯಾಚ್ ಹಾಕುವುದು. ಕೂರುತ್ತದೆ, ಆದರೆ ಆಮೇಲೆ ಡಿಫ್ ನೋಡಿದರೆ ಫೈಲಿನ ಪ್ರತಿ ಸಾಲೂ ಬದಲಾಗಿರುತ್ತದೆ. ಒಂದು ಸಾಲಿನ ತಿದ್ದುಪಡಿ ಹುಡುಕಲು ಸಾವಿರ ಸಾಲು ನೋಡಬೇಕು. ಯಾವ ಸಾಲನ್ನು ಯಾರು ಬರೆದರು ಎಂದು ಹೇಳುವ 'ಗಿಟ್ ಬ್ಲೇಮ್' ಕೂಡ ಎಲ್ಲ ಸಾಲಿಗೂ ನಿಮ್ಮ ಹೆಸರನ್ನೇ ತೋರಿಸುತ್ತದೆ.

ಬೇರೆ ಟೂಲ್‌ಗಳು ಏನು ಮಾಡುತ್ತವೆ ಅಂತಲೂ ನೋಡಿದೆ. 'ಗ್ನೂ ಪ್ಯಾಚ್' ಅನ್ನುವ ಟೂಲ್‌ಗೆ ತಲೆಯ ಸಾಲುಗಳಲ್ಲೇ ಸಿಆರ್ ಕಂಡರೆ, ಇಡೀ ಪ್ಯಾಚ್‌ನಿಂದ ಸಿಆರ್ ತೆಗೆಯುತ್ತಿದ್ದೇನೆ ಅಂತ ಹೇಳಿ ತೆಗೆಯುತ್ತದೆ. ಬೇಡವಾದರೆ 'ಬೈನರಿ' ಆಯ್ಕೆ ಕೊಡಬೇಕು. ಹಂಕ್ ಕೂರದೆ ಇದ್ದು, ಕಾರಣ ಸಾಲಿನ ಕೊನೆಯಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳುತ್ತದೆ. ಇದು ನನಗೆ ಹಿಡಿಸಿತು. 'ಗಿಟ್ ಅಪ್ಲೈ'ಗೆ 'ಇಗ್ನೋರ್ ವೈಟ್‌ಸ್ಪೇಸ್' ಆಯ್ಕೆ ಇದೆ. ಅದು ಸುತ್ತಲಿನ ಸಾಲುಗಳನ್ನು ಹೋಲಿಸುವಾಗ ಮಾತ್ರ ಸಡಿಲ ಬಿಡುತ್ತದೆ. ಹೊಸ ಸಾಲುಗಳು ಪ್ಯಾಚ್‌ನಲ್ಲಿದ್ದ ಕೊನೆಯ ಜೊತೆಗೇ ಬಂದು ಕೂರುತ್ತವೆ. ಸಿಆರ್‌ಎಲ್‌ಎಫ್ ಫೈಲಿಗೆ ಎಲ್‌ಎಫ್ ಪ್ಯಾಚ್ ಹೀಗೆ ಹಾಕಿದರೆ ಫೈಲ್ ಮಿಶ್ರವಾಗಬಹುದು. ನನಗೆ ಬೇಕಾದದ್ದು ಹೋಲಿಕೆಯಲ್ಲಿ ಸಡಿಲ, ಬರೆಯುವಾಗ ಬಿಗಿ.

ಪ್ಯಾಚ್ ಓದುವ ಭಾಗ

ಮೊದಲು ಮಾಡಿದ ಕೆಲಸ ಪ್ಯಾಚನ್ನು ಬಫರ್‌ನಿಂದ ಓದುವುದನ್ನು ಬಿಟ್ಟು ಬೈಟ್‌ಗಳಾಗಿ ಓದುವುದು. ಪೈಥಾನ್‌ನಲ್ಲಿ ಫೈಲನ್ನು ಪಠ್ಯವಾಗಿ ತೆರೆದರೆ ಸಿಆರ್‌ಎಲ್‌ಎಫ್ ತಾನಾಗಿಯೇ ಎಲ್‌ಎಫ್ ಆಗಿಬಿಡುತ್ತದೆ. ಅದನ್ನು ತಡೆಯಬೇಕಾದರೆ 'ನ್ಯೂಲೈನ್' ಆಯ್ಕೆಗೆ ಖಾಲಿ ಪದ ಕೊಡಬೇಕು, ಇಲ್ಲವೇ ಬೈನರಿಯಾಗಿ ತೆರೆಯಬೇಕು. ಬೈನರಿ ಸುಲಭ.

ಸಾಲು ಒಡೆಯಲು 'ಸ್ಪ್ಲಿಟ್‌ಲೈನ್ಸ್' ಬಳಸಬಾರದು. ಇದನ್ನು ಒತ್ತಿ ಹೇಳುತ್ತೇನೆ. ಪಠ್ಯದ ಮೇಲೆ ಅದನ್ನು ಓಡಿಸಿದರೆ ಬರೀ ಸಿಆರ್, ಎಲ್‌ಎಫ್ ಅಲ್ಲ, ಫಾರ್ಮ್ ಫೀಡ್ ಬಂದ ಕಡೆಯೂ ಒಡೆಯುತ್ತದೆ. ಯುನಿಕೋಡ್‌ನ ಸಾಲು ಬೇರ್ಪಡಿಸುವ ಚಿಹ್ನೆ ಬಂದರೂ ಒಡೆಯುತ್ತದೆ. ಹಳೆಯ ಸಿ ಕೋಡ್‌ನಲ್ಲಿ ಪುಟ ಬೇರ್ಪಡಿಸಲು ಫಾರ್ಮ್ ಫೀಡ್, ಅಂದರೆ ಬೈಟ್ 12, ಹಾಕುವ ರೂಢಿ ಇತ್ತು. ಅಂಥ ಫೈಲಿನ ಪ್ಯಾಚ್‌ನಲ್ಲಿ ಹಂಕ್‌ನ ಸಾಲಿನ ಲೆಕ್ಕವೇ ತಪ್ಪುತ್ತದೆ. ಬೈಟ್ 10 ಬಂದ ಕಡೆ ಮಾತ್ರ ಒಡೆಯಬೇಕು, ಬೇರೆಲ್ಲೂ ಕೂಡದು.

ಒಡೆದ ಪ್ರತಿ ಸಾಲನ್ನು ಮೂರು ತುಂಡು ಮಾಡಿದೆ: ಶುರುವಿನ ಗುರುತು, ಒಡಲು, ಕೊನೆ. ಗುರುತು ಅಂದರೆ ಖಾಲಿ ಜಾಗ, + ಅಥವಾ −. ಕೊನೆ ಅಂದರೆ ಎಲ್‌ಎಫ್, ಸಿಆರ್‌ಎಲ್‌ಎಫ್, ಅಥವಾ 'ಇಲ್ಲ'. ಒಡಲಿನ ನಡುವೆ ಸಿಆರ್ ಇದ್ದರೆ ಅದನ್ನು ಮುಟ್ಟುವುದಿಲ್ಲ. ಎಲ್‌ಎಫ್‌ಗೆ ಅಂಟಿಕೊಂಡದ್ದು ಮಾತ್ರ ಕೊನೆ.

ಇಲ್ಲಿ ಸಣ್ಣಪುಟ್ಟ ಮುಳ್ಳುಗಳು ಸುಮಾರು ಸಿಕ್ಕವು. +++ ಸಾಲಿನ ಕೊನೆಗೆ ಸಿಆರ್ ಇದ್ದರೆ ಅದು ಫೈಲಿನ ಹೆಸರಿಗೇ ಸೇರಿಕೊಂಡು 'ಫೈಲ್ ಇಲ್ಲ' ಅನ್ನುವ ದೂರು ಬರುತ್ತದೆ. ಆ ದೂರನ್ನು ಟರ್ಮಿನಲ್‌ನಲ್ಲಿ ಓದುವುದೂ ಕಷ್ಟ. ಸಿಆರ್ ಕರ್ಸರನ್ನು ಸಾಲಿನ ಶುರುವಿಗೆ ಎಳೆದು ಉಳಿದ ಪದಗಳನ್ನು ಹೆಸರಿನ ಮೇಲೇ ಬರೆಸುತ್ತದೆ. ಹಾಗಾಗಿ ತಲೆಯ ಸಾಲುಗಳಿಂದ ಸಿಆರ್ ತೆಗೆಯುವುದು ಕಡ್ಡಾಯ.

ಇನ್ನೊಂದು, ಖಾಲಿ ಸಾಲು. ಹಂಕ್‌ನಲ್ಲಿ ಬದಲಾಗದ ಖಾಲಿ ಸಾಲೆಂದರೆ ಒಂದು ಖಾಲಿ ಜಾಗ, ಆಮೇಲೆ ಕೊನೆ. ಸಾಲಿನ ತುದಿಯ ಖಾಲಿ ಜಾಗವನ್ನು ತಾವಾಗಿಯೇ ಕತ್ತರಿಸುವ ಎಡಿಟರ್‌ಗಳು ಅದನ್ನೂ ನುಂಗಿಬಿಡುತ್ತವೆ. ಪೂರ್ತಿ ಖಾಲಿ ಸಾಲು ಸಿಕ್ಕರೆ ಬದಲಾಗದ ಸಾಲು ಅಂತ ಎಣಿಸುವ ವ್ಯವಸ್ಥೆ ಮೊದಲೇ ಇತ್ತು. ಆದರೆ ಸಿಆರ್‌ಎಲ್‌ಎಫ್ ಪ್ಯಾಚ್‌ನಲ್ಲಿ ಅಲ್ಲಿ ಉಳಿಯುವುದು ಒಂಟಿ ಸಿಆರ್. ಹಳೆಯ ಕೋಡ್ ಅದನ್ನೇ ಗುರುತು ಅಂದುಕೊಂಡು 'ಗೊತ್ತಿಲ್ಲದ ಗುರುತು' ಅನ್ನುತ್ತಿತ್ತು. ಕೊನೆಯನ್ನು ಮೊದಲು ಬೇರ್ಪಡಿಸಿ ಆಮೇಲೆ ಗುರುತು ನೋಡಿದರೆ ಈ ಸಮಸ್ಯೆ ತಾನಾಗಿಯೇ ಹೋಗುತ್ತದೆ.

ಫೈಲಿನ ಕೊನೆಯ ಸಾಲಿಗೆ ಹೊಸಸಾಲು ಇಲ್ಲದಿದ್ದರೆ ಡಿಫ್ ಹಿಂಬದಿಯ ಓರೆಗೆರೆಯಿಂದ ಶುರುವಾಗುವ ಒಂದು ಸೂಚನೆ ಬರೆಯುತ್ತದೆ. ಆ ಸೂಚನೆಯ ಪದಗಳನ್ನು ಹೋಲಿಸಬೇಡಿ. ಗ್ನೂ ಡಿಫ್ ಅದನ್ನು ಬಳಸುವವರ ಭಾಷೆಗೆ ತಿರುಗಿಸಿ ಬರೆಯುತ್ತದೆ. ಓರೆಗೆರೆ ಮತ್ತು ಒಂದು ಖಾಲಿ ಜಾಗ ಕಂಡರೆ ಸಾಕು, ಹಿಂದಿನ ಸಾಲಿನ ಕೊನೆಯನ್ನು 'ಇಲ್ಲ' ಅಂತ ಬದಲಿಸಿ.

ಪ್ಯಾಚ್‌ನ ಮಾತನ್ನು ಯಾವಾಗ ನಂಬಬೇಕು

ಪ್ಯಾಚ್‌ಗಳು ದಾರಿಯಲ್ಲಿ ಬದಲಾಗುತ್ತವೆ. ಇಮೇಲ್ ನಿಯಮದ ಪ್ರಕಾರ ಸಂದೇಶದ ಸಾಲುಗಳು ಸಿಆರ್‌ಎಲ್‌ಎಫ್‌ನಿಂದಲೇ ಮುಗಿಯಬೇಕು. ತಲುಪಿದ ಮೇಲೆ ಅಲ್ಲಿಯ ಪ್ರೋಗ್ರಾಂ ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತದೆ. ಹೀಗಾಗಿ ಪ್ಯಾಚ್‌ನಲ್ಲಿ ಮೊದಲು ಏನಿತ್ತು ಅನ್ನುವುದು ಅಳಿಸಿಹೋಗಬಹುದು. ಇಮೇಲ್‌ನಲ್ಲಿ ಬಂದ ಪ್ಯಾಚ್ ಹಾಕುವ 'ಗಿಟ್ ಎಎಂ' ಸಾಲಿನ ತುದಿಯ ಸಿಆರ್‌ಗಳನ್ನು ಸುಮ್ನೆ ತೆಗೆದುಬಿಡುತ್ತದೆ. ಉಳಿಸಬೇಕಾದರೆ 'ಕೀಪ್ ಸಿಆರ್' ಅಂತ ಕೇಳಿಕೊಳ್ಳಬೇಕು. ರೆಪೊದೊಳಗೆ (ಗಿಟ್ ನೋಡಿಕೊಳ್ಳುವ ಫೋಲ್ಡರ್‌ನಲ್ಲಿ) ಇಟ್ಟ ಪ್ಯಾಚ್ ಫೈಲ್ ಕೂಡ, ವಿಂಡೋಸ್‌ನಲ್ಲಿ 'ಆಟೋ ಸಿಆರ್‌ಎಲ್‌ಎಫ್' ಸೆಟ್ಟಿಂಗ್ ಆನ್ ಇದ್ದರೆ, ಚೆಕ್‌ಔಟ್ ಆಗುವಾಗ, ಅಂದರೆ ಗಿಟ್‌ನಿಂದ ಡಿಸ್ಕ್‌ಗೆ ಬರುವಾಗ, ಪೂರ್ತಿ ಸಿಆರ್‌ಎಲ್‌ಎಫ್ ಆಗಬಹುದು.

ಗುರುತಿಸಲು ಗ್ನೂ ಪ್ಯಾಚ್‌ನ ಉಪಾಯವನ್ನೇ ತೆಗೆದುಕೊಂಡೆ. ತಲೆಯ ಸಾಲುಗಳಲ್ಲೂ ಸಿಆರ್ ಇದ್ದರೆ ಪ್ಯಾಚ್ ದಾರಿಯಲ್ಲಿ ತಿರುಗಿದೆ ಎಂದರ್ಥ. ಅಂಥ ಪ್ಯಾಚ್ ಸಾಲಿನ ಕೊನೆಯ ಬಗ್ಗೆ ಏನು ಹೇಳಿದರೂ ನಂಬುವುದಿಲ್ಲ, ನೇರ ಸಡಿಲ ಹೋಲಿಕೆ, ಅಂದರೆ ಎಲ್‌ಎಫ್, ಸಿಆರ್‌ಎಲ್‌ಎಫ್ ವ್ಯತ್ಯಾಸ ಲೆಕ್ಕಿಸದೆ. ತಲೆಯ ಸಾಲುಗಳು ಶುದ್ಧ ಎಲ್‌ಎಫ್ ಆಗಿದ್ದರೆ ಒಳಗಿನ ಕೊನೆಗಳಿಗೆ ಅರ್ಥ ಇರಬಹುದು, ಮೊದಲು ಕೊನೆಯನ್ನೂ ಸೇರಿಸಿ ಬಿಗಿ ಹೋಲಿಕೆ, ಕೂರದಿದ್ದರೆ ಸಡಿಲ.

ಕೊನೆಯನ್ನು ಬೇಕೆಂದೇ ಬದಲಿಸುವ ಪ್ಯಾಚನ್ನು ಗುರುತಿಸುವುದೂ ಇಲ್ಲೇ. ಒಂದು ಹಂಕ್‌ನಲ್ಲಿ ಕಳೆಯುವ ಸಾಲುಗಳೆಲ್ಲ ಒಂದು ರೀತಿ, ಕೂಡಿಸುವ ಸಾಲುಗಳೆಲ್ಲ ಇನ್ನೊಂದು ರೀತಿ ಇದ್ದರೆ ಆ ಹಂಕ್‌ಗೆ ಸಡಿಲ ಹೋಲಿಕೆ ಇಲ್ಲವೇ ಇಲ್ಲ. ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ಕೂರಬಾರದು.

ಹಾಕುವ ಭಾಗ

ಹಳೆಯ ಕೋಡ್ ಹಂಕ್‌ನಿಂದ 'ಹಳೆಯ ತುಂಡು', 'ಹೊಸ ತುಂಡು' ಎರಡನ್ನು ಕಟ್ಟಿ, ಮೊದಲನೆಯದನ್ನು ಹುಡುಕಿ ಎರಡನೆಯದನ್ನು ಅಲ್ಲಿ ಇಡುತ್ತಿತ್ತು. ಸಡಿಲ ಹೋಲಿಕೆ ಬಂದ ಮೇಲೆ ಇದು ನಡೆಯುವುದಿಲ್ಲ. ಬದಲಾಗದ ಸಾಲುಗಳ ಮೇಲೂ ಪ್ಯಾಚ್‌ನ ಪ್ರತಿ ಬಂದು ಕೂತು ಅವುಗಳ ಕೊನೆ ಬದಲಾಗುತ್ತದೆ. ಅದಕ್ಕೆ ಈಗ ಹಂಕನ್ನು ಸಾಲುಸಾಲಾಗಿ ನಡೆಯುತ್ತೇನೆ. ಬದಲಾಗದ ಸಾಲು ಬಂದರೆ ಫೈಲಿನ ಸಾಲನ್ನು ಮುಟ್ಟದೆ ಮುಂದೆ. − ಬಂದರೆ ಫೈಲಿನ ಸಾಲು ತೆಗೆದು, ಅದರ ಕೊನೆ ಯಾವುದಿತ್ತು ಅಂತ ನೆನಪಿಟ್ಟುಕೊಳ್ಳುವುದು. + ಬಂದರೆ ಒಡಲು ಪ್ಯಾಚ್‌ನಿಂದ. ಹಂಕ್ ಬಿಗಿಯಾಗಿ ಕೂತಿದ್ದರೆ ಕೊನೆಯೂ ಪ್ಯಾಚ್‌ನಿಂದಲೇ, ಸಡಿಲವಾಗಿ ಕೂತಿದ್ದರೆ ಕೊನೆ ಫೈಲಿನಿಂದ. ಅಳಿಸಿದ ಸಾಲಿದ್ದರೆ ಅದರ ಕೊನೆ, ಇಲ್ಲದಿದ್ದರೆ ಮೇಲಿನ ಸಾಲಿನದ್ದು, ಮೇಲೂ ಇಲ್ಲದಿದ್ದರೆ ಕೆಳಗಿನದ್ದು. ಫೈಲೇ ಖಾಲಿ ಇದ್ದರೆ ಮಾತ್ರ ಪ್ಯಾಚ್‌ನದ್ದು. ಮಿಶ್ರ ಫೈಲ್‌ನಲ್ಲೂ ಇದು ಒಪ್ಪುವ ಉತ್ತರ ಕೊಡುತ್ತದೆ, ನೆರೆಯ ಸಾಲು ಹೇಗಿದೆಯೋ ಹೊಸದೂ ಹಾಗೇ.

ಈ ನಿಯಮದಲ್ಲಿ ಒಂದು ಬಿಲ ಇದೆ. ಫೈಲಿನ ಕೊನೆಯ ಸಾಲಿಗೆ ಹೊಸಸಾಲು ಇಲ್ಲ, ಪ್ಯಾಚ್ ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತದೆ ಅಂದುಕೊಳ್ಳಿ. ಡಿಫ್ ಅದನ್ನು ಹೇಳುವ ರೀತಿ ಹೀಗೆ: ಹಳೆಯ ಕೊನೆಯ ಸಾಲು ಕಳೆ, ಅದೇ ಸಾಲನ್ನು ಹೊಸಸಾಲಿನ ಜೊತೆ ಕೂಡಿಸು, ಆಮೇಲೆ ಹೊಸ ಸಾಲು ಕೂಡಿಸು. 'ಅಳಿಸಿದ ಸಾಲಿನ ಕೊನೆ ತೆಗೆದುಕೋ' ಅನ್ನುವ ನಿಯಮ ಇಲ್ಲಿ 'ಇಲ್ಲ' ಅನ್ನುವುದನ್ನು ತೆಗೆದುಕೊಳ್ಳುತ್ತದೆ. ಎರಡು ಸಾಲು ಅಂಟಿ ಒಂದಾಗುತ್ತವೆ. ಹಾಗಾಗಿ ನಿಯಮವನ್ನು ಎರಡು ಪ್ರಶ್ನೆಯಾಗಿ ಒಡೆಯಬೇಕಾಯಿತು. ಸಾಲಿನ ಕೊನೆಗೆ ಹೊಸಸಾಲು ಇದೆಯೋ ಇಲ್ಲವೋ ಅನ್ನುವುದನ್ನು ಪ್ಯಾಚ್ ಹೇಳುತ್ತದೆ. ಇದ್ದರೆ ಅದು ಯಾವ ಬಗೆಯದು ಅನ್ನುವುದನ್ನು ಫೈಲ್ ಹೇಳುತ್ತದೆ. ಹೋಲಿಕೆಯಲ್ಲೂ ಹಾಗೇ. ಸಡಿಲ ಹೋಲಿಕೆಗೆ ಎಲ್‌ಎಫ್, ಸಿಆರ್‌ಎಲ್‌ಎಫ್ ಎರಡೂ ಒಂದೇ, 'ಇಲ್ಲ' ಮಾತ್ರ ಬೇರೆ.

ಕೂತ ಮೇಲೆ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಬರುತ್ತದೆ: 'ಸಾಲಿನ ಕೊನೆ ಬೇರೆ ಇತ್ತು, ಫೈಲಿನ ರೀತಿ ಉಳಿಸಿದೆ.' ಪ್ರಶ್ನೆ ಕೇಳುವ ಪೆಟ್ಟಿಗೆ ತೆರೆಯುವ ಯೋಚನೆಯೂ ಇತ್ತು, ಬಿಟ್ಟೆ. ಅದಕ್ಕೆ ಎಲ್ಲರೂ ಓದದೆ 'ಸರಿ' ಒತ್ತುತ್ತಾರೆ, ಅಲ್ವಾ? ಬೇಡವಾದರೆ ಒಂದು ಅನ್‌ಡೂ ಸಾಕು.

ಸೇವ್ ಮಾಡುವ ಕಡೆಯೂ ಬೈನರಿ ಮಾಡಿದೆ. ವಿಂಡೋಸ್‌ನಲ್ಲಿ ಪೈಥಾನ್ ಪಠ್ಯವಾಗಿ ಬರೆಯುವಾಗ ಪ್ರತಿ ಎಲ್‌ಎಫ್ ಮುಂದೆ ಒಂದು ಸಿಆರ್ ಸೇರಿಸುತ್ತದೆ. ನಾವೂ ಒಂದು ಸೇರಿಸಿದ್ದರೆ 13, 13, 10 ಆಗುತ್ತದೆ. ಅಂಥ ಫೈಲ್ ಕೆಲವು ಎಡಿಟರ್‌ಗಳಲ್ಲಿ ಸಾಲು ಬಿಟ್ಟು ಸಾಲು ಖಾಲಿ ಇರುವ ಹಾಗೆ ಕಾಣುತ್ತದೆ.

ಪರೀಕ್ಷೆ

ಒಂದೇ ಸಣ್ಣ ಫೈಲಿನ ಎಲ್‌ಎಫ್, ಸಿಆರ್‌ಎಲ್‌ಎಫ್, ಮಿಶ್ರ ಪ್ರತಿಗಳು. ಪ್ಯಾಚ್‌ನಲ್ಲಿ ಪೂರ್ತಿ ಎಲ್‌ಎಫ್, ಪೂರ್ತಿ ಸಿಆರ್‌ಎಲ್‌ಎಫ್, ಡಿಫ್ ಕೊಡುವ ಸಹಜ ಮಿಶ್ರಣ. ಪ್ರತಿ ಜೋಡಿಯನ್ನೂ ಓಡಿಸಿ ಬಂದ ಬೈಟ್‌ಗಳನ್ನು ಹೋಲಿಸುವುದು. ಜೊತೆಗೆ ಖಾಲಿ ಫೈಲ್, ಕೊನೆಗೆ ಹೊಸಸಾಲು ಇಲ್ಲದ ಫೈಲ್, ಫಾರ್ಮ್ ಫೀಡ್ ಇರುವ ಫೈಲ್.

ಈ ಪರೀಕ್ಷಾ ಫೈಲ್‌ಗಳು ರೆಪೊದಲ್ಲಿ ಸುರಕ್ಷಿತವಾಗಿರಬೇಕಾದರೆ 'ಗಿಟ್ ಆಟ್ರಿಬ್ಯೂಟ್ಸ್' ಫೈಲ್‌ನಲ್ಲಿ ಅವುಗಳ ಫೋಲ್ಡರ್‌ಗೆ 'ಟೆಕ್ಸ್ಟ್' ಗುಣದ ಹೆಸರಿಗೆ ಮೊದಲು ಒಂದು ಮೈನಸ್ ಹಾಕಬೇಕು. ಆಗ ಗಿಟ್ ಅವುಗಳ ಕೊನೆಯನ್ನು ಮುಟ್ಟುವುದಿಲ್ಲ. ಇಲ್ಲದಿದ್ದರೆ ಪರೀಕ್ಷೆ ಒಂದು ಕಂಪ್ಯೂಟರ್‌ನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಗಿಟ್ ಒಳಗೆ ಏನಿದೆ, ಡಿಸ್ಕ್ ಮೇಲೆ ಏನಿದೆ ಅಂತ ಒಟ್ಟಿಗೆ ನೋಡಲು 'ಗಿಟ್ ಎಲ್‌ಎಸ್-ಫೈಲ್ಸ್' ಕಮಾಂಡ್‌ಗೆ 'ಇಒಎಲ್' ಆಯ್ಕೆ ಕೊಡಿ. ಇಂಥ ತಲೆನೋವಿಗೆ ಇದರಷ್ಟು ಉಪಯೋಗದ ಕಮಾಂಡ್ ಬೇರೆ ಇಲ್ಲ.

ಪ್ಯಾಚ್ ಹಾಕಿ, ಅದನ್ನೇ ಉಲ್ಟಾ ಹಾಕಿದರೆ ಮೊದಲಿನ ಬೈಟ್‌ಗಳೇ ಬರಬೇಕು ಅನ್ನುವ ಪರೀಕ್ಷೆಯನ್ನೂ ಇಟ್ಟೆ. ಒಂದೇ ರೀತಿಯ ಕೊನೆ ಇರುವ ಫೈಲ್‌ಗಳಲ್ಲಿ ಅದು ನಿಲ್ಲುತ್ತದೆ. ಮಿಶ್ರ ಫೈಲ್‌ನಲ್ಲಿ ಸಡಿಲವಾಗಿ ಕೂತಾಗ ನಿಲ್ಲುವುದಿಲ್ಲ. ಸಿಆರ್‌ಎಲ್‌ಎಫ್ ಸಾಲುಗಳ ನಡುವೆ ಇದ್ದ ಒಂದು ಎಲ್‌ಎಫ್ ಸಾಲನ್ನು ಪ್ಯಾಚ್ ಅಳಿಸಿದರೆ, ಉಲ್ಟಾ ಹಾಕುವಾಗ ಅದು ಎಲ್‌ಎಫ್ ಆಗಿತ್ತು ಅಂತ ಹೇಳುವವರು ಯಾರೂ ಇಲ್ಲ. ಆ ಜೋಡಿಗಳನ್ನು ಈ ಪರೀಕ್ಷೆಯಿಂದ ಹೊರಗಿಟ್ಟು, ಯಾಕೆ ಅಂತ ಕೋಡ್‌ನಲ್ಲೇ ಟಿಪ್ಪಣಿ ಬರೆದಿದ್ದೇನೆ.

ಬರೀ ಸಿಆರ್ ಇರುವ ಹಳೆಯ ಮ್ಯಾಕ್ ಫೈಲ್‌ಗಳನ್ನು ಈ ರಿಪೇರಿಯಲ್ಲಿ ಸೇರಿಸಿಲ್ಲ. ಡಿಫ್ ಕಣ್ಣಿಗೆ ಅಂಥ ಫೈಲ್ ಪೂರ್ತಿ ಒಂದೇ ಸಾಲು. ಅದರಿಂದ ಬರುವ ಪ್ಯಾಚ್ ಎಂದರೆ ಹಳೆಯ ಫೈಲ್ ಒಮ್ಮೆ, ಹೊಸ ಫೈಲ್ ಒಮ್ಮೆ. ಈಗ ಎಡಿಟರ್ ಅಂಥ ಫೈಲ್ ಕಂಡರೆ ಮೊದಲು ಕೊನೆ ಬದಲಿಸಿ ಬೇರೆ ಕಮಿಟ್ ಮಾಡಿ, ಆಮೇಲೆ ಪ್ಯಾಚ್ ಹಾಕಿ ಅನ್ನುತ್ತದೆ.